ಹಳೇ ಸೆಲ್ಲಿನ ಮಸಿ

ಜಗಳೂರು ಸೀಮೆಯ ಆ ಊರಿನಲ್ಲಿ ಶಾಲೆಯ ಕರಿಹಲಗೆಗೆ ಮಸಿ ಬಳಿಯುವುದು ಕರಿಯಕ್ಕನ ಪಾಲಿನ ಕೆಲಸ. ಸತ್ತ ಟಾರ್ಚ್ ಸೆಲ್ ಒಡೆದು, ಒಳಗಿನ ಮಸಿಗೆ ತೊಂಡೆಸೊಪ್ಪು ಸೇರಿಸಿ ತಿಕ್ಕಿದಳೆಂದರೆ ಹಲಗೆ ಎಮ್ಮೆಯ ಮೈಯಂತೆ ಮಿಂಚಬೇಕು. ಎಂಬತ್ತಾರನೇ ಇಸವಿಯ ಜೂನಿನಲ್ಲೂ ಅರ್ಧ ತಿಕ್ಕಿದ್ದಳು, ಅಷ್ಟರಲ್ಲಿ ದುರುಗಣ್ಣ ಬಂದು ಬಾಗಿಲಲ್ಲಿ ನಿಂತ.

“ಅಕ್ಕಾ, ಕೈ ತೆಗಿ! ರಷ್ಯಾದಾಗೆ ಅಣುಸ್ಥಾವರದ ಗ್ರಾಫೈಟ್ ಹತ್ತಿ ಉರೀತಂತೆ. ಸೆಲ್ಲಿನಾಗೆ ಇರೋದೂ ಅದೇ ಜಾತಿ ಕರೀದಂತೆ. ಈ ಹಲಗಿ ಇರೋತನಕ ನನ್ನ ಮೂರು ಮಕ್ಕಳು ಇಲ್ಲಿಗೆ ಬರಲ್ಲ.”

ಕರಿಯಕ್ಕ ತಿಕ್ಕುವುದನ್ನು ನಿಲ್ಲಿಸಿದಳು. ಶಾಲೆಯಲ್ಲಿ ಇರುವುದೇ ಹದಿನಾರು ಮಕ್ಕಳು. ಮೂರು ಕಡಿಮೆಯಾದರೂ ಶಾಲೆ ಎತ್ತಿಬಿಡುತ್ತಾರೆಂದು ಅಂಜಿನಪ್ಪ ಮೇಷ್ಟ್ರು ಹೋದ ವಾರವಷ್ಟೇ ಹೇಳಿದ್ದರು. ಅಲ್ಲೇ ಓದುವ ಅವಳ ಮೊಮ್ಮಗಳು ಈಗಷ್ಟೇ ತನ್ನ ಹೆಸರು ಬರೆಯತೊಡಗಿದ್ದಾಳೆ. ಆದರೂ ಮೇಜಿನ ಬಳಿ ನಿಂತಿದ್ದ ಮೇಷ್ಟ್ರ ಕಡೆ ತಿರುಗಿದಾಗ ಅವಳ ಬಾಯಿಂದ ಮೊದಲು ಬಂದದ್ದು ಪ್ರಶ್ನೆ.

“ಮೇಷ್ಟ್ರೇ, ಹತ್ತಿ ಉರಿಯೋದನ್ನ ಅಲ್ಲಿ ಯಾಕಿಟ್ಟಿದ್ರು? ಅದಕ್ಕೇನು ಕೆಲಸ?”

ಆ ಸುದ್ದಿಯ ಪೇಪರನ್ನು ಮೂರು ಸಲ ಓದಿದ್ದ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. “ನಿಧಾನ ಮಾಡೋ ಕೆಲಸ, ಅಕ್ಕಾ. ಯುರೇನಿಯಂ ಕಣ ಒಡೆದಾಗ ನ್ಯೂಟ್ರಾನ್ ಅಂತ ಇನ್ನೂ ಚಿಕ್ಕ ಕಣ ಹಾರಿ ಬರ್ತಾವೆ. ಅವು ಇನ್ನೊಂದು ಯುರೇನಿಯಂ ಕಣ ಒಡೆದ್ರೇನೇ ಶಾಖ ಮುಂದುವರಿಯೋದು. ಭಾಳ ಜೋರಾಗಿ ಓಡೋದು ಸುಮ್ನೆ ದಾಟಿ ಹೋಗೋದೇ ಹೆಚ್ಚು. ಗ್ರಾಫೈಟಿಗೆ ಬಡಿದು ಬಡಿದು ಸುಸ್ತಾದ್ರೆ ಯುರೇನಿಯಂ ಕೈಗೆ ಸಿಕ್ತೈತೆ.”

“ಅಯ್ಯೋ, ನಮ್ಮ ಹೊಲದ ಒಡ್ಡು!” ಕರಿಯಕ್ಕ ಕಣ್ಣರಳಿಸಿದಳು. “ಇಳಿಜಾರಿನಾಗೆ ಓಡೋ ನೀರು ನೆಲಕ್ಕೆ ಇಂಗಲ್ಲ. ಕಲ್ಲಿಗೆ ಬಡಿದು ನಿಧಾನ ಆದ್ರೇನೇ ಇಂಗೋದು.”

“ಹ್ಞೂಂ, ಅದೇ!” ಮೇಷ್ಟ್ರಿಗೂ ಈಗಲೇ ಸರಿಯಾಗಿ ತಿಳಿದಂತಾಯಿತು.

ಕರಿಯಕ್ಕ ದುರುಗಣ್ಣನ ಕಡೆ ತಿರುಗಿದಳು. “ಏನಪ್ಪಾ, ಒಡ್ಡಿನ ಕಲ್ಲು ತಂದು ನಿನ್ನ ಅಂಗಳದಾಗೆ ಇಟ್ರೆ ಮನೆಗೆ ನೀರು ನುಗ್ತೈತಾ?”

“ಕಲ್ಲು ಎಲ್ಲಿಂದ ನೀರು ತರ್ತೈತೆ?”

“ಹಂಗೇ ಈ ಮಸೀನೂ. ಯುರೇನಿಯಂ ಇಲ್ದೆ ಇದು ಯಾರನ್ನ ನಿಧಾನ ಮಾಡ್ಬೇಕು? ನಿನ್ನನ್ನ?”

ದುರುಗಣ್ಣ ನಗಲಿಲ್ಲ. “ಮತ್ತೆ ಅಲ್ಲಿ ಜನ ಸತ್ತರಲ್ಲ?” ಎಂದ.

“ಸತ್ತರು,” ಎಂದರು ಮೇಷ್ಟ್ರು ಮೆಲ್ಲಗೆ. “ವಿಷ ಯುರೇನಿಯಂ ಒಡೆದ ಚೂರಿಂದು. ಬೆಂಕಿ ಅದನ್ನ ಗಾಳಿಗೆ ಎತ್ತಿಕೊಡ್ತು. ಟಾರ್ಚ್ ಸೆಲ್ಲಿನಾಗೆ ಆ ಚೂರಿಲ್ಲ, ದುರುಗಣ್ಣ.”

ದುರುಗಣ್ಣ ಹಲಗೆಯ ಹತ್ತಿರ ಬಂದು ಮೂಸಿದ. ತೊಂಡೆಸೊಪ್ಪಿನ ಹಸಿ ವಾಸನೆ. ಮೇಲಿನ ಮೂಲೆ ಇನ್ನೂ ಬೆಳ್ಳಗಿತ್ತು. ಅದು ಕರಿಯಕ್ಕನ ಕೈಗೆ ಎಟುಕುವಂಥದ್ದಲ್ಲ.

“ಇಲ್ಲಿ ಕೊಡಕ್ಕಾ ಸೊಪ್ಪು,” ಎಂದ. “ನಾಳೆ ನನ್ನ ಮಕ್ಕಳು ಬರೋದ್ರಾಗೆ ಒಣಗಬೇಕಲ್ಲ.”