ಏಳನೆಯ ಕಲಮು

ಏಳನೆಯ ಕಲಮಿಗೆ ಬಂದಾಗ ಐದು ದೇಶಗಳವರೂ ಒಟ್ಟಿಗೇ ಮಾತಾಡತೊಡಗಿದರು. ಸ್ಯಾನ್ ಡಿಯೇಗೊದ ಸೊರೆಂಟೊ ವ್ಯಾಲಿಯ ಆ ಕಚೇರಿಯಲ್ಲಿ ಶನಿವಾರ ಏಸಿ ಹಾಕುವುದಿಲ್ಲ, ಕಿಟಕಿಗಳು ತೆರೆಯುವಂಥವಲ್ಲ. ಕರಡು ಬರೆಯುವ ಹೊಣೆ ಹೊತ್ತಿದ್ದ ವಿನೋದಾ ಪೆನ್ನು ಎತ್ತಿ ಹಿಡಿದು ಒಂದೊಂದೇ ಮುಖವನ್ನು ನೋಡುತ್ತ ಕುಳಿತಳು. ಯಾರು ಎದ್ದು ಹೊರಡುವವರೆಂದು ಅವರ ಕುರ್ಚಿ ಸರಿಯುವ ಮೊದಲೇ ಅವಳಿಗೆ ತಿಳಿಯುತ್ತಿತ್ತು.

೧೯೯೩ರ ಜೂನ್‌ನಲ್ಲಿ ವಿಯೆನ್ನಾದಲ್ಲಿ ಜಗತ್ತಿನ ಸರಕಾರಗಳೆಲ್ಲ ಮಾನವ ಹಕ್ಕುಗಳ ಸಮ್ಮೇಳನ ನಡೆಸಿದ್ದವು. ಅದರ ಬಿಸಿ ಆರುವ ಮುಂಚೆ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊದ ಭಾರತ, ಪಾಕಿಸ್ತಾನ, ಬಾಂಗ್ಲಾ, ನೇಪಾಳ, ಶ್ರೀಲಂಕಾ ಸಂಘಗಳು ತಮ್ಮದೂ ಒಂದು ಮಂಡಳಿ ಇರಲಿ ಎಂದು ಹೊರಟಿದ್ದವು. ಊರಿನಿಂದ ಮನೆಗೆಲಸಕ್ಕೆಂದು ಕರೆತಂದವರ ದೂರು ಕೇಳುವುದು ಅದರ ಕೆಲಸ. ಮತಕ್ಕೆ ಹಾಕುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಶ್ರೀಲಂಕಾದ ಹಿರಿಯರು ಕಲಮನ್ನು ಓದುವರು. ಯಾರೂ ತುಟಿ ಬಿಚ್ಚದಿದ್ದರೆ ಅದು ಒಪ್ಪಿಗೆ. ಒಬ್ಬರು ಬೇಡವೆಂದರೂ ಕಲಮು ಬಿದ್ದುಹೋಗುವುದು.

ಯಾರೇ ಆಗಲಿ ನೇರವಾಗಿ ಮಂಡಳಿಗೆ ದೂರು ಕೊಡಬಹುದು ಎಂದು ವಿನೋದಾ ಬರೆದಿದ್ದಳು. ದೂರು ಆಯಾ ದೇಶದ ಸಂಘದ ಅಧ್ಯಕ್ಷರ ಒಪ್ಪಿಗೆಯಿಂದಲೇ ಬರಬೇಕು, ಇಲ್ಲವಾದರೆ ಮಂಡಳಿಯೇ ಬೇಡ ಎಂದು ಮೂರು ಸಂಘಗಳು ಪಟ್ಟು ಹಿಡಿದಿದ್ದವು. ಭಾರತ ಸಂಘದ ಅಧ್ಯಕ್ಷ ಬಾಳಾಸಾಹೇಬರು ಅವುಗಳ ಪರ.

ಹೊರಗೆ ಪಡಸಾಲೆಯಲ್ಲಿ ಪ್ರೇಮವ್ವ ಕಾಯುತ್ತಿದ್ದಳು. ಗೋಕಾಕದ ಕಡೆಯವಳು. ಸ್ಯಾನ್ ಡಿಯೇಗೊ ಬಳಿಯ ಪೊವೇಯಲ್ಲಿರುವ ಚಂದ್ರಮೋಹನನ ಮನೆಯ ಕೆಲಸ ಬಿಟ್ಟು ಓಡಿಬಂದು, ಲಾಸ್ ಏಂಜಲೀಸ್ ಕಡೆಯ ಚಾಟ್ಸ್‌ವರ್ತ್‌ನಲ್ಲಿ ವಿನೋದಾಳ ಮನೆ ಸೇರಿದ್ದಳು. ಪಾಸ್‌ಪೋರ್ಟ್ ಮಾತ್ರ ಅವನ ಬಳಿಯೇ ಉಳಿದಿತ್ತು. ಅದಿಲ್ಲದೆ ಊರಿಗೂ ಹೋಗುವಂತಿರಲಿಲ್ಲ. ಚಂದ್ರಮೋಹನ ಬಾಳಾಸಾಹೇಬರ ಷಡ್ಡಕ.

ಚಹಾಕ್ಕೆ ಬಿಟ್ಟಾಗ ಬಾಳಾಸಾಹೇಬರು ಸಮೋಸಾ ತಟ್ಟೆ ಹಿಡಿದುಕೊಂಡು ವಿನೋದಾಳ ಪಕ್ಕಕ್ಕೆ ಬಂದರು. ಪರಿಚಯದ ಹೆಂಗಸರನ್ನೆಲ್ಲ ಅವರು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು.

"ವೈನಿ, ಕನ್ನಡದಾಗ ಮಾತಾಡೋಣು. ಇವರಿಗ್ಯಾರಿಗೂ ತಿಳಿಯಾಂಗಿಲ್ಲ."

"ನಿಮ್ಮ ಕನ್ನಡ ನನಗೇ ಅರ್ಧ ತಿಳಿಯುದಿಲ್ಲ."

"ನಿಮ್ಮ ಉಡುಪಿಯವ್ರದರ ಏನು, ಪುಸ್ತಕ ಓದಿದಂಗ ಇರ್ತೈತಿ." ಅವರು ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಪ್ರೇಮವ್ವನ ಪಾಸ್‌ಪೋರ್ಟ್ ಇವತ್ತ ಕೊಡಸ್ತೀನಿ. ನಾನ ನಿಮ್ಮ ಜೋಡಿ ಬರ್ತೀನಿ. ನಮ್ಮ ಮನಿ ಮಾತು ಐದು ದೇಶದವ್ರ ಮುಂದ ಯಾಕ? ನೀವು ಏಳನೇದಕ್ಕ ಸುಮ್ಮನ ಇರ್ರಿ, ಅಷ್ಟ ಸಾಕು."

"ನಾಳೆ ಇನ್ನೊಬ್ಬಳು ಬಂದರೆ?"

"ನಾ ಅದೀನಲ್ಲ. ನನ್ನ ಕಡೆ ಬರ್ಲಿ."

"ನಿಮ್ಮ ಷಡ್ಡಕನ ಮೇಲಿನ ದೂರಿಗೆ ನಿಮ್ಮದೇ ಒಪ್ಪಿಗೆ ತಗೊಳ್ಬೇಕಾ ಮಾರಾಯ್ರೆ?"

"ಹಟಾ ಹಿಡದ್ರ ಮೂರು ಸಂಘ ಎದ್ದು ಹೋಗ್ತಾವ ವೈನಿ. ಮಂಡಳೀನೂ ಇಲ್ಲ, ಪಾಸ್‌ಪೋರ್ಟೂ ಇಲ್ಲ." ಅವರು ಒಂದು ಸಮೋಸಾ ಎತ್ತಿ ಅವಳ ಕೈಗಿಟ್ಟರು. "ತಿನ್ರಿ. ಬೆಳಗಿಂದ ಏನೂ ತಿಂದಿಲ್ಲ ನೀವು."

ಅದು ನಿಜವಾಗಿತ್ತು. ಅವರು ಅದನ್ನು ಗಮನಿಸಿದ್ದರೆಂಬುದೇ ಅವಳಿಗೆ ಅಷ್ಟು ಸರಿಬರಲಿಲ್ಲ.

ಅವಳು ಪಡಸಾಲೆಗೆ ಬಂದಾಗ ಪ್ರೇಮವ್ವ ಎದ್ದು ನಿಂತಳು. "ಕರದ್ರೇನ್ರಿ ಅಕ್ಕಾರ? ನಾ ಏನೇನ ಹೇಳ್ಬೇಕು ಎಲ್ಲಾ ಜೋಡಸಿ ಇಟ್ಕೊಂಡೇನಿ."

"ನಿಮ್ಮ ಪಾಸ್‌ಪೋರ್ಟ್ ಇವತ್ತೇ ಸಿಗ್ತದೆ, ಪ್ರೇಮವ್ವ. ಒಳಗೆ ಬಂದು ಮಾತಾಡುವ ಅಗತ್ಯ ಬೀಳಲಿಕ್ಕಿಲ್ಲ."

"ಸಿಗ್ತೈತಿ? ಖರೇನ?" ಪ್ರೇಮವ್ವ ಅವಳ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಕೈ ಬಿಟ್ಟು, "ಹಂಗಾರ ಹೇಳೂದು ಬ್ಯಾಡೇನ್ರಿ?" ಎಂದು ಕೇಳಿ ಕುಳಿತಳು.

ಮತ್ತೆ ಎಲ್ಲರೂ ಸೇರಿದಾಗ ಸಭೆಯ ಅಧ್ಯಕ್ಷರು ಏಳನೆಯ ಕಲಮನ್ನು ಮೂರು ಸಂಘಗಳು ಪಟ್ಟು ಹಿಡಿದಿದ್ದಂತೆಯೇ ತಿದ್ದಿ ಓದಿದರು. ಕನ್ನಡಕ ತೆಗೆದು ಮೇಜಿನ ಸುತ್ತ ನೋಡಿದರು. ನೇಪಾಳದ ಹೆಂಗಸು ವಿನೋದಾಳ ಕಡೆ ನೋಡಿದಳು. ಬೆಳಗಿನಿಂದ ವಿನೋದಾಳ ಕರಡಿನ ಪರ ವಾದಿಸಿದ್ದವಳು ಈಕೆಯೊಬ್ಬಳೇ. ವಿನೋದಾ ಪೆನ್ನಿನ ಮುಚ್ಚಳವನ್ನು ಹಾಕಿದಳು. ಅಧ್ಯಕ್ಷರು ಎಂಟನೆಯ ಕಲಮಿಗೆ ಹೋದರು. ಕೊನೆಗೆ ಚಪ್ಪಾಳೆಯಾಯಿತು, ಒಂದು ಫೋಟೋ ಆಯಿತು.

ಪೊವೇಯಲ್ಲಿ ವಿನೋದಾ ಕಾರನ್ನು ಚಂದ್ರಮೋಹನನ ಮನೆಯ ಎದುರು ಬದಿಗೆ ನಿಲ್ಲಿಸಿದಾಗ ಪ್ರೇಮವ್ವ ಸೀಟಿನಲ್ಲಿ ಕೆಳಗೆ ಜಾರಿ ಕುಳಿತಳು. "ನಾ ಬರಾಂಗಿಲ್ರಿ. ನೀವ ಹೋಗ್ರಿ."

ಬಾಳಾಸಾಹೇಬರು ಬೆಲ್ ಒತ್ತಿದರು. ಬಾಗಿಲು ತೆರೆದವಳ ಕೈಗಳಿಗೆ ಮೊಣಕೈತನಕ ಹಿಟ್ಟು ಮೆತ್ತಿತ್ತು. ಇಪ್ಪತ್ತು ದಾಟಿರಲಾರದು.

"ಬರ್ರಿ. ಸಾಹೇಬ್ರು ಮ್ಯಾಲೆ ಅದಾರ."

"ನಿಮ್ಮ ಹೆಸರೆಂತ? ಯಾವಾಗ ಬಂದದ್ದು?" ವಿನೋದಾ ಕೇಳಿದಳು.

"ಶಿವಕ್ಕ ಅಂತಾರ್ರಿ. ಹೋದ ಅಮಾಸಿ ಮುಂದ..."

"ಶಿವಕ್ಕಾ, ಒಳಗ ನಡಿ," ಎಂದು ಚಂದ್ರಮೋಹನನ ಹೆಂಡತಿ ಶೋಭಾಳ ದನಿ ಬಂತು.

ಚಂದ್ರಮೋಹನ ಪಾಸ್‌ಪೋರ್ಟ್ ತಂದು ನಗುತ್ತಲೇ ಕೊಟ್ಟ. "ಸೇಫ್ ಇರ್ಲಿ ಅಂತ ಇಟ್ಟಿದ್ವಿ ಅಷ್ಟ. ಕೇಳಿದ್ರ ಅವತ್ತ ಕೊಡ್ತಿದ್ದೆ."

ವಿನೋದಾ ಫೋಟೋ ಇರುವ ಪುಟ ತೆರೆದು ನೋಡಿದಳು. ಪ್ರೇಮವ್ವನದೇ. "ಶಿವಕ್ಕನದ್ದು ಎಲ್ಲಿದೆ?" ಎಂದಳು.

"ಯಾಕ್ರಿ, ಅದರದೇನರ ದೂರು ಬಂದೈತೇನು?" ಚಂದ್ರಮೋಹನ ಷಡ್ಡಕನ ಮುಖ ನೋಡಿದ.

ಬಾಳಾಸಾಹೇಬರು ಮೂಲೆಯ ಮೀನಿನ ತೊಟ್ಟಿಯನ್ನು ನೋಡುತ್ತಿದ್ದರು. "ಇಲ್ಲ," ಎಂದರು. "ಸಂಘಕ್ಕ ಯಾವ ದೂರೂ ಬಂದಿಲ್ಲ."

ಕಾರಿನಲ್ಲಿ ಪ್ರೇಮವ್ವ ಪಾಸ್‌ಪೋರ್ಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಮುಖ ಒರೆಸಿಕೊಂಡು ನೆಟ್ಟಗೆ ಕುಳಿತಳು.

"ಬಾಗಲಾ ಯಾರು ತಗದ್ರು ಅಕ್ಕಾರ?"

"ಬೆಲ್ಟ್ ಹಾಕಿಕೊಳ್ಳಿ," ಎಂದಳು ವಿನೋದಾ.

ಚಂದ್ರಮೋಹನನೂ ಶೋಭಾಳೂ ಬಾಳಾಸಾಹೇಬರನ್ನು ಬೀಳ್ಕೊಡಲು ಹೊರಗೆ ಬಂದು ಡ್ರೈವ್‌ವೇಯಲ್ಲಿ ಮಾತಾಡುತ್ತ ನಿಂತಿದ್ದರು. ಇಳಿಬಿಸಿಲು ಮನೆಯ ಮುಖಕ್ಕೆ ಹೊಡೆಯುತ್ತಿತ್ತು. ದಿನಾ ಈ ಹೊತ್ತಿಗೆ ಪ್ರೇಮವ್ವ ಇಳಿಸುತ್ತಿದ್ದ ಮಹಡಿಯ ಕಿಟಕಿ ಪರದೆಗಳಲ್ಲಿ ಒಂದು ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದು. ಪ್ರೇಮವ್ವ ಕೊರಳು ಹೊರಳಿಸಿ ಒಂದೊಂದೇ ಕಿಟಕಿ ಮುಚ್ಚುವುದನ್ನು ನೋಡಿದಳು, ಕೊನೆಯದು ಮುಚ್ಚುವ ತನಕ.