ನಾಲ್ಕನೆಯ ಪಟ್ಟಿಯ ಬಿಳಿ

ತೀರಿಕೊಂಡ ಮಗಳು ಮಹೆಕಳ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮರುದಿನ, ಆಕೆ ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಬ್ಬಳ್ಳಿಯ ಕಾಲೇಜಿನಿಂದ ಕರೆ ಬಂತು. ಆಕೆ ಬರೆದ ಸಂಖ್ಯೆಗಳ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಆಕೆಯ ಹೆಸರು ಹಾಕಿ, ಸಭಾಗೃಹದಲ್ಲಿ ಕಾಯಂ ತೂಗುಹಾಕುತ್ತಾರಂತೆ. ಆಕೆಯದೆಂದು ಉಳಿದಿದ್ದು ಅದೊಂದೇ.

ಮುಗದ ಊರಿನ ಸಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದ ನನಗೆ ಆ ಚಿತ್ರ ಬಾಯಿಪಾಠ. ಒಂದರಿಂದ ಹತ್ತು ಸಾವಿರದವರೆಗೆ, ಸಾಲಿಗೆ ನೂರರಂತೆ, ಸಂಖ್ಯೆಗೊಂದು ಚೌಕ. ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಬೇಕು. ಒಂದೇ ಅವಿಭಾಜ್ಯ ಮತ್ತೊಮ್ಮೆ ಬಂದರೆ ಬಿಳಿ. ಬರದಿದ್ದರೆ, ಅವುಗಳ ಎಣಿಕೆ ಸಮವಿದ್ದಲ್ಲಿ ಹಸಿರು, ಬೆಸವಿದ್ದಲ್ಲಿ ಕೆಂಪು. ನಾಲ್ಕೆಂದರೆ ಎರಡೆರಡಲೆ, ಆದ್ದರಿಂದ ಪ್ರತಿ ನಾಲ್ಕನೆಯ ಪಟ್ಟಿ ಮೇಲಿನಿಂದ ಕೆಳತನಕ ಬಿಳಿ. ಆಸ್ಪತ್ರೆಯಲ್ಲಿ ಆಕೆಯ ಕೈ ಸೋತಾಗ ಕೊನೆಯ ಮುನ್ನೂರು ಚೌಕ ತುಂಬಿದವನು ನಾನು. “ಅಬ್ಬಾ, ಬಿಳೀದು ಹಂಗ ಬಿಡ್ರಿ. ಅದೂ ಲೆಕ್ಕದಾಗಿಂದ,” ಎನ್ನುತ್ತಿದ್ದಳು.

ಉದ್ಘಾಟನೆಯ ದಿನ ಸಭಾಗೃಹದಲ್ಲಿ ಚಿತ್ರದ ಮುಂದೆ ರಿಬ್ಬನ್ ಕಟ್ಟಿದ್ದರು. ಚಿತ್ರದಲ್ಲಿ ಒಂದು ಬಿಳಿ ಚೌಕವೂ ಇರಲಿಲ್ಲ. ಬಿಳಿ ಇರಬೇಕಾದಲ್ಲೆಲ್ಲ ಕೆಂಪು ಹಸಿರನ್ನು ಮನಸ್ಸಿಗೆ ಬಂದಂತೆ ಚೆಲ್ಲಿದ್ದರು.

ವಿಭಾಗದ ಮುಖ್ಯಸ್ಥ ರಾಜಶೇಖರರು ಹೆಮ್ಮೆಯಿಂದ ಮುಂದೆ ಬಂದರು. “ಮಾಸ್ತರ, ನಡುನಡುವ ಬಿಳಿ ಪಟ್ಟಿ ಬಿದ್ದಿದ್ವು. ಮಷೀನಿನ್ಯಾಗ ಶಾಯಿ ತೀರಿದ್ರ ಹಿಂಗ ಆಗತೈತಿ ಅಂದ ಫ್ಲೆಕ್ಸ್ ಅಂಗಡ್ಯಾವ. ನಾನ ನಿಂತು ತುಂಬಿಸಿದೆ. ಈಗ ಭರ್ತಿ ಕಾಣತೈತಿ.”

“ನಾಲ್ಕು ಯಾಕ ಕೆಂಪಾತ್ರಿ?”

“ಯಾವ ನಾಲ್ಕು?”

“ಮೂರರ ಮುಂದಿಂದು.”

ಅವರು ಕನ್ನಡಕ ಸರಿಮಾಡಿಕೊಂಡು ಹುಡುಕಿದರು. ಡಾಕ್ಟರೇಟ್ ಪಡೆದ ಮನುಷ್ಯನಿಗೆ ನಾಲ್ಕು ಸಿಗಲು ಅಷ್ಟು ಹೊತ್ತು ಬೇಕಾಯಿತು. ಕತ್ತರಿಯ ತಟ್ಟೆ ಹಿಡಿದು ನಿಂತಿದ್ದ ಉಪನ್ಯಾಸಕಿ ದಾಕ್ಷಾಯಿಣಿ ತಲೆ ತಗ್ಗಿಸಿದಳು. ಆ ಬಿಳಿಯ ಲೆಕ್ಕ ಆಕೆಗೆ ತಿಳಿದಿತ್ತು; ತಿಳಿದವರ ಕೆಲಸ ಅಲ್ಲಿ ತಟ್ಟೆ ಹಿಡಿಯುವುದು.

“ದೂರಿಂದ ಗೊತ್ತಾಗೂದಿಲ್ಲ ಬಿಡ್ರಿ,” ಎಂದರು ರಾಜಶೇಖರರು. “ಅತಿಥಿಗಳು ಗಾಡಿ ಇಳದಾರ.”

“ಮತ್ತ ಸರಿ ಮಾಡಿ ಪ್ರಿಂಟ್ ಹೊಡಸ್ತೀರೇನು?”

“ಮುಂದಿನ ವರ್ಷ ನೋಡೂಣಂತ.”

ಬಿಸ್ಮಿಲ್ಲಾ ಎಂದು ತಟ್ಟೆಯ ಕತ್ತರಿ ಎತ್ತಿಕೊಂಡೆ. ರಿಬ್ಬನ್ನಿನ ಕೆಳಗೆ ಬಗ್ಗಿ, ಚಿತ್ರದ ಅಂಚಿನಲ್ಲಿದ್ದ ಮಗಳ ಹೆಸರನ್ನಷ್ಟೇ ಕತ್ತರಿಸಿ, ಮಡಚಿ ಜೇಬಿನಲ್ಲಿಟ್ಟೆ. ಅದಿದ್ದಲ್ಲಿ ಹಿಂದಿನ ಸುಣ್ಣದ ಗೋಡೆ ಬೆಳ್ಳಗೆ ಕಂಡಿತು.

“ಏನ್ ಮಾಡಿದ್ರಿ ಮಾಸ್ತರ? ಬಿಳಿ ಕಾಣಾಕತ್ತೈತಲ್ರಿ.”

“ತುಂಬಸ್ರಿ. ನಿಮಗ ರೂಢಿ ಐತಿ.”

ಕತ್ತರಿಯನ್ನು ತಟ್ಟೆಗೆ ಹಾಕಿ, ಮಧ್ಯಾಹ್ನದ ಜುಹರ್ ನಮಾಜಿಗೆ ಹೊರಟೆ.