ಮಗಳಂಥವಳು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಮುತ್ತು ಎಂದೇ ಕರೆಯುತ್ತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು, ಅದಕ್ಕೆ. ಶಾಲೆಯಲ್ಲಿ ಆ ಅಕ್ಷರಕ್ಕೆ ಒಂದು ಪೆನ್ನು ಬಹುಮಾನ ಬಂದಿತ್ತು. ದೊಡ್ಡವಳಾದ ಮೇಲೆ ಕೆಲಸವೇ ಬಂತು. ಕೆಲಸ ಕೊಟ್ಟವರು ಕೋಚ್. ಕೋಚ್ ಎಂದರೆ ಆಟ ಕಲಿಸುವವರಲ್ಲ. ಹಳೇ ಮನೆಯನ್ನು ಅಗ್ಗಕ್ಕೆ ಕೊಂಡು, ಬಣ್ಣ ಬಳಿದು, ಮೂರು ಪಟ್ಟು ಬೆಲೆಗೆ ಮಾರುವ ವಿದ್ಯೆಯನ್ನು ಕಂಡಕಂಡವರಿಗೆ ಕಲಿಸುವವರು. ಶಿಷ್ಯರಿಗೆ ಬೇಕಾದ ಸರಂಜಾಮೆಲ್ಲ ಅವರಲ್ಲೇ ಸಿಗುತ್ತಿತ್ತು. ಯಾವ ಮನೆಯಲ್ಲಿ ಯಾರು ತೀರಿಕೊಂಡರೆಂದು ಹುಡುಕಿ ಪಟ್ಟಿ ಮಾಡುವ ಸಾಫ್ಟ್‌ವೇರ್, ಉಳಿದವರಿಗೆ ಕಳಿಸುವ ಕಾಗದ. ಉಪದೇಶ ಮಾತ್ರ ಪುಕ್ಕಟೆ.

ಅಚ್ಚು ಹಾಕಿಸಿದ ಕಾಗದವನ್ನು ಜನ ಓದದೆ ಬಿಸಾಡುತ್ತಾರೆ, ಕೈಬರಹವಾದರೆ ಕೂತು ಓದುತ್ತಾರೆ ಎಂಬುದು ಕೋಚ್ ಕಂಡುಕೊಂಡ ಸತ್ಯ. ಹಾಗಾಗಿ ಮುತ್ತು ಒಂದು ಕಾಗದ ಬರೆದಳು. ‘ಪೂಜ್ಯ ಅಮ್ಮನವರಿಗೆ, ಅಷ್ಟು ದೊಡ್ಡ ಮನೆಯಲ್ಲಿ ನೀವೊಬ್ಬರೇ ಇರುವುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇನ್ನು ಈ ತಾಪತ್ರಯ ಯಾಕೆ? ಮನೆಯನ್ನು ಇದ್ದ ಹಾಗೆಯೇ ಕೊಟ್ಟುಬಿಡಿ. ಇಂತಿ, ನಿಮ್ಮ ಮಗಳಂಥವಳು.’ ನೂರಾರು ಸಲ ಬರೆದು ಅವಳ ಬೆರಳು ಬಾತುಕೊಂಡಾಗ ಕೋಚ್ ಒಂದು ಯಂತ್ರ ತಂದರು. ಅದು ಅವಳ ಅಕ್ಷರವನ್ನೆಲ್ಲ ಕಲಿತು, ನಿಜವಾದ ಪೆನ್ನು ಹಿಡಿದು, ಒತ್ತಕ್ಷರದ ಬಾಲವನ್ನು ಅವಳು ಎಳೆಯುವ ಹಾಗೆಯೇ ಎಳೆದು ಬರೆಯತೊಡಗಿತು. ಪಟ್ಟಿ ಸೀದಾ ಯಂತ್ರಕ್ಕೆ ಹೋಗುತ್ತಿತ್ತು. ಕಾಗದ ಯಾರ ಮನೆ ಸೇರಿತೆಂದು ಅವಳು ನೋಡಬೇಕಾಗಿರಲಿಲ್ಲ. ನಿಜ ಹೇಳಬೇಕೆಂದರೆ, ನೋಡುವ ಮನಸ್ಸೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಎಂದಿನಂತೆ ಅಮ್ಮನ ಮನೆಗೆ ಹೋದಳು. ಅಪ್ಪ ಹೋಗಿ ಐದು ತಿಂಗಳಾಗಿತ್ತು. ಅಮ್ಮ ಮನೆಯಲ್ಲೇ ಕೂತು ಪುಸ್ತಕಗಳಿಗೆ ರಟ್ಟು ಹಾಕುವವಳು. ಮುಂದಿನ ಕೋಣೆಯಲ್ಲಿ ಯಾವಾಗಲೂ ಅಂಟಿನ ವಾಸನೆ. ಅವತ್ತು ಅಂಟಿನ ಡಬ್ಬಿಗೆ ಮುಚ್ಚಳ ಬಿದ್ದಿತ್ತು. ಅಡುಗೆಮನೆಯ ಪಾತ್ರೆಗಳೆಲ್ಲ ಗೋಣಿಚೀಲ ಸೇರಿದ್ದವು.

“ಇದೇನಮ್ಮ?”

“ನೀನೇ ಬರ್ದಿದ್ದೀಯಲ್ಲ, ಕೊಟ್ಬಿಡಿ ಅಂತ.” ಅಮ್ಮ ಮಡಿಸಿದ ಕಾಗದವೊಂದನ್ನು ಸೆರಗಿನಿಂದ ತೆಗೆದು ಮುಂದಿಟ್ಟಳು. “ಮುಖ ನೋಡಿ ಹೇಳಿದ್ರೆ ನಾನೇನು ಬೇಡ ಅಂತಿದ್ನಾ? ಎರಡು ಕೋಣೆ ಮನೆ, ನಿಂಗೆ ಅದು ಅಷ್ಟು ದೊಡ್ಡದಾಗಿ ಕಂಡಿತಾ?”

ಮುತ್ತು ಕಾಗದ ನೋಡಿದಳು. ಅವಳದೇ ಅಕ್ಷರ. ಅವಳು ಬರೆಯದ ಕಾಗದ.

“ಅದೆಲ್ಲ ಹೋಗ್ಲಿ,” ಎಂದಳು ಅಮ್ಮ. ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. “ಮಗಳಂಥವಳು ಅಂತ ಯಾಕೆ ಬರ್ದೆ? ಮಗಳಲ್ವಾ ನೀನು?”

ಯಂತ್ರದ ವಿಷಯ ಹೇಳಲು ಮುತ್ತುವಿಗೆ ಅರ್ಧ ಗಂಟೆ ಹಿಡಿಯಿತು. ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗಿತ್ತು. ತಪ್ಪನ್ನು ಯಂತ್ರದ ತಲೆಗೆ ಕಟ್ಟಲು ನೋಡಿದಳು, ಅಮ್ಮ ಬಿಡಲಿಲ್ಲ.

“ಮೊದ್ಲು ಬರ್ದಿದ್ದು ಯಾರು?”

“ನಾನೇ.”

“ನಿನ್ನ ಅಕ್ಷರ ಅಂತ ನಾನು ಎರಡು ಮಾತಿಲ್ದೆ ನಂಬ್ದೆ. ಇನ್ನೂ ಎಷ್ಟು ಜನ ಅಮ್ಮಂದಿರು ಚೀಲ ಕಟ್ತಾ ಕೂತಿದಾರೋ!”

ಅಷ್ಟು ಹೇಳಿ ಅಮ್ಮ ಪಾತ್ರೆಗಳನ್ನು ಚೀಲದಿಂದ ತೆಗೆದು ಒಂದೊಂದಾಗಿ ಅವುಗಳ ಜಾಗದಲ್ಲಿಟ್ಟಳು. ಬೇಕೆಂದೇ ಸದ್ದು ಮಾಡುತ್ತ ಇಟ್ಟಳು.

ಸೋಮವಾರ ಮುತ್ತು ಕೋಚ್ ಎದುರು ಆ ಕಾಗದ ಹಿಡಿದು ನಿಂತಳು. ವಿಷಯ ಕೇಳಿದ ಕೋಚ್ ಮೇಜು ತಟ್ಟಿ ನಕ್ಕರು.

“ಹೆತ್ತ ತಾಯೀನೇ ನಂಬಿದ್ರು ಅಂದ್ರೆ ಕಾಗದ ಎಷ್ಟು ಚೆನ್ನಾಗಿದೆ ನೋಡಿ! ಮುಂದಿನ ತರಗತೀಲಿ ಇದನ್ನೇ ಉದಾಹರಣೆ ಕೊಡೋಣ. ನಿಮ್ಮ ತಾಯಿ ಹೆಸರು ಪಟ್ಟಿಯಿಂದ ತೆಗೆಸ್ತೀನಿ, ಬಿಡಿ.”

“ಉಳಿದವ್ರ ಹೆಸರು?”

“ಮುತ್ತು, ಮುಂದೆ ಬರೋ ದಾರಿ ನೋಡಿ. ಪ್ರಚಾರ ವಿಭಾಗ ಪೂರ್ತಿ ನಿಮಗೇ ಕೊಡ್ಬೇಕು ಅಂತಿದ್ದೆ. ನಮ್ಮ ಕಾಗದ ನೋಡಿ ಮನೆ ಕೊಡೋಕೆ ಒಪ್ಪಿದ ಟೈಲರಮ್ಮ ಇದಾರಲ್ಲ, ಇವತ್ತು ನಾಲ್ಕು ಗಂಟೆಗೆ ಅವರ ಮನೇಲಿ ಸಹಿ ಇದೆ, ನೀವೂ ಬನ್ನಿ. ಕಾಗದ ಬರೆದ ಮಗಳ ಮುಖ ನೋಡ್ಬೇಕಂತೆ ಆಕೆಗೆ.”

ಇಂಥ ಬಡ್ತಿಗಾಗಿ ಅವಳು ನಾಲ್ಕು ವರ್ಷ ಬಾಯಿಮುಚ್ಚಿಕೊಂಡು ದುಡಿದಿದ್ದಳು. ಬಾಯಿ ಮುಚ್ಚಿಕೊಂಡಿದ್ದಕ್ಕೇ ಈಗ ಮೈಯೆಲ್ಲ ಉರಿಯಿತು.

“ನಂಗೆ ಈ ಕೆಲಸಾನೇ ಬೇಡ. ಯಂತ್ರದಿಂದ ನನ್ನ ಅಕ್ಷರ ತೆಗೀರಿ.”

“ಅದು ಆಗೋದಿಲ್ಲ. ಅಕ್ಷರ ನಮ್ಮದು ಅಂತ ನೀವೇ ಸಹಿ ಹಾಕಿ ಕೊಟ್ಟಿದ್ದೀರಿ, ಮರ್ತುಹೋಯ್ತಾ?” ಕೋಚ್ ಅವರ ನಗು ನಿಂತಿತ್ತು.

“ಅಕ್ಷರ ಇಟ್ಕೊಳ್ಳಿ,” ಎಂದಳು ಮುತ್ತು. “ಬಾಯಿ ನಂದೇ ಅಲ್ವಾ?”

ಪಕ್ಕದ ಕೋಣೆಯಲ್ಲಿ ಯಂತ್ರ ಕರಕರ ಎಂದು ಬರೆಯುತ್ತಲೇ ಇತ್ತು. ಅದು ಹಿಡಿದಿದ್ದು ಅವಳ ಬಹುಮಾನದ ಪೆನ್ನು. ಯಂತ್ರ ಬಂದ ದಿನ ಹುಮ್ಮಸ್ಸಿನಲ್ಲಿ ತಾನೇ ಸಿಕ್ಕಿಸಿದ್ದಳು. ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು, ಪಟ್ಟಿಯಲ್ಲಿ ಟೈಲರಮ್ಮನ ವಿಳಾಸ ನೋಡಿಕೊಂಡು ಹೊರಟಳು. ಬರಿಗೈಯ ಯಂತ್ರ ಕಾಗದದ ಮೇಲೆ ಸುಮ್ಮನೆ ಕೈಯಾಡಿಸುತ್ತಿತ್ತು.

ಆ ಅಮ್ಮಂದಿರನ್ನು ಎಚ್ಚರಿಸಲು ಇನ್ನೊಂದು ಕಾಗದ ಬರೆದು ಪ್ರಯೋಜನವಿರಲಿಲ್ಲ. ಆ ಅಕ್ಷರವನ್ನು ಇನ್ನು ಯಾರು ನಂಬಬೇಕು? ಕಾಲಿಗೆ ಕೆಲಸ ಕೊಡುವುದೇ ಸರಿ ಎನಿಸಿತು. ಅಮ್ಮನಿಗೆ ಫೋನ್ ಮಾಡಿ ಹೊರಟ ವಿಷಯ ಹೇಳಿದ್ದೇ ತಡ, ಬಸ್ ಸ್ಟಾಪಿನಲ್ಲಿ ಅಮ್ಮ ಆಗಲೇ ಚಪ್ಪಲಿ ಮೆಟ್ಟಿ ಕಾಯುತ್ತಿದ್ದಳು. ಬರಬೇಡ ಎಂದರೂ ಕೇಳಲಿಲ್ಲ.

ಟೈಲರಮ್ಮನ ಬಾಗಿಲು ತೆರೆದಾಗ ಮೂರು ಮುಕ್ಕಾಲು. ಕೊರಳಲ್ಲಿ ಅಳತೆಯ ಟೇಪು, ಹಿಂದೆ ಹೊಲಿಗೆ ಮಿಷನ್ನಿನ ಮೇಲೆ ಮನೆಯ ಪತ್ರಗಳು, ಅವುಗಳ ಮೇಲೆ ಕನ್ನಡಕ.

“ಆ ಕಾಗದ ಬರ್ದೋಳು ನೀನೇ ತಾನೇ? ಬಾಮ್ಮ, ಬಾ. ಹತ್ತು ಸಲ ಓದಿದ್ದೀನಿ.”

“ನಾನೇ,” ಎಂದಳು ಮುತ್ತು. “ಸಹಿ ಹಾಕ್ಬೇಡಿ. ನಿಮ್ಮನ್ನ ನೆನೆದು ನಂಗೆ ಯಾವ ಸಂಕಟಾನೂ ಆಗಿರ್ಲಿಲ್ಲ. ನಿಮ್ಮ ಹೆಸರೂ ಗೊತ್ತಿರ್ಲಿಲ್ಲ. ಇದೇ ಕಾಗದ ನೂರಾರು ಮನೆಗೆ ಹೋಗಿದೆ. ನಿಮಗೆ ಹೇಳಿರೋ ಬೆಲೆಗೆ ಮೂರು ಪಟ್ಟು ಇಟ್ಟು ಈ ಮನೆ ಮಾರ್ತಾರೆ. ಮಾರ್ಲೇಬೇಕು ಅಂದ್ರೆ ನಾಲ್ಕು ಜನರನ್ನ ವಿಚಾರಿಸಿ ಮಾರಿ.”

ಟೈಲರಮ್ಮನ ಮುಖ ಬಾಡಿತು. ಬೆಲೆಯ ಮಾತು ಆಕೆಯ ಕಿವಿಗೆ ಬಿದ್ದಂತೆ ಕಾಣಲಿಲ್ಲ.

“ಮಗಳಂಥವಳು ಅಂತ ಬರ್ದಿದ್ಯಲ್ಲ?”

“ಸುಳ್ಳು.” ಮುತ್ತು ಪಕ್ಕದಲ್ಲಿದ್ದ ಅಮ್ಮನ ಕೈ ಹಿಡಿದುಕೊಂಡಳು. “ನಾನು ಇವರ ಮಗಳು.”

ಟೈಲರಮ್ಮ ಇಬ್ಬರನ್ನೂ ಅಳತೆ ತೆಗೆಯುವವಳ ಹಾಗೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪತ್ರಗಳನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು.

“ನಾಲ್ಕು ಗಂಟೆಗೆ ಸಹಿ ಹಾಕಿಸ್ಕೊಳ್ಳೋಕೆ ಬರ್ತಾನಂತಲ್ಲ ನಿಮ್ಮ ಕೋಚ್, ಬರ್ಲಿ. ನೀವಿಬ್ರೂ ಇಲ್ಲೇ ಇರಿ.”

ಮೂವರೂ ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕೂತರು.